ಗುರುವಾರ ಅಸ್ತಮಿಸಿದ ಶುಕ್ರವಾರ ರಾತ್ರಿ

ದಕ್ಷಿಣ ಕನ್ನಡದ ಮಸೀದಿ, ಮದ್ರಸ, ದರ್ಗಾಗಳ ಕರಪತ್ರಗಳಲ್ಲಿ ಹೊರಗಿನವರಿಗೆ ಒಗಟಿನಂತೆ ಕಾಣುವ ಒಂದು ಮಾತು ಬರುತ್ತದೆ: ‘ಗುರುವಾರ ಅಸ್ತಮಿಸಿದ ಶುಕ್ರವಾರ ರಾತ್ರಿ’. ಬೆಂಗಳೂರಿನವರೋ ಧಾರವಾಡದವರೋ ಇದನ್ನೋದಿದರೆ ಕಾರ್ಯಕ್ರಮ ಗುರುವಾರವೋ ಶುಕ್ರವಾರವೋ ಎಂದು ತಡವರಿಸಬೇಕು. ಪುತ್ತೂರು, ಸುಳ್ಯ, ಕಡಬದ ಓದುಗನಿಗೆ ಅನುಮಾನವೇ ಬರುವುದಿಲ್ಲ. ಇಸ್ಲಾಮಿನ ಲೆಕ್ಕದಲ್ಲಿ ಸೂರ್ಯ ಮುಳುಗಿದೊಡನೆ ಮರುದಿನ ಶುರುವಾಗುತ್ತದೆ. ಹಾಗಾಗಿ ಪೇಟೆಯ ಲೆಕ್ಕದ ಗುರುವಾರ ರಾತ್ರಿ ಬ್ಯಾರಿ ಮುಸ್ಲಿಮರ ಲೆಕ್ಕದಲ್ಲಿ ಶುಕ್ರವಾರದ ರಾತ್ರಿ. ಇದೇ ಊರಿನ ನೇಮೋತ್ಸವದ ಆಮಂತ್ರಣದಲ್ಲಿ ಇನ್ನೊಂದು ಬಗೆಯ ಮಾತಿದೆ: ‘ಶನಿವಾರ ರಾತ್ರಿ ಗಂಟೆ 2ಕ್ಕೆ’. ಗಡಿಯಾರದ ಪ್ರಕಾರ ಅದು ಭಾನುವಾರ. ಆದರೆ ಬೆಳಗಾಗುವವರೆಗೆ ಹಿಂದಿನ ದಿನವೇ ನಡೆಯುತ್ತಿರುತ್ತದೆ ಎಂಬುದು ಪಂಚಾಂಗದ ಕ್ರಮ, ಕೋಲ ನೋಡಲು ಹೋಗುವವರ ಕ್ರಮವೂ ಅದೇ. ಚರ್ಚಿನಲ್ಲಿ ಶನಿವಾರ ಸಂಜೆಯ ಬಲಿಪೂಜೆ ಭಾನುವಾರದ್ದೇ ಎಂದು ಸಲ್ಲುತ್ತದೆ. ಹೀಗೆ ಒಂದೇ ಪೇಟೆಯಲ್ಲಿ ದಿನ ಹುಟ್ಟುವ ಹೊತ್ತು ಮೂರು: ನಡುರಾತ್ರಿ, ಸೂರ್ಯೋದಯ, ಸೂರ್ಯಾಸ್ತ. ಈ ಮೂರನ್ನೂ ಒಂದೇ ಕಾಗದದ ಮೇಲೆ ಗೊಂದಲವಿಲ್ಲದೆ ಬರೆಯುವ ಭಾಷೆಯನ್ನು ಇಲ್ಲಿನ ಮುದ್ರಣಾಲಯಗಳು, ದೇವಸ್ಥಾನದ ಕಚೇರಿಗಳು, ಜಮಾತಿನ ಕಾರ್ಯದರ್ಶಿಗಳು ತಲೆಮಾರುಗಳಿಂದ ರೂಢಿಸಿಕೊಂಡಿದ್ದಾರೆ. ಜನರ ಆಚಾರ, ನಂಬಿಕೆಗಳಿಗೆ ಒದಗುವ ಜಾಲತಾಣ ಹೇಗಿರಬೇಕು ಎಂಬ ಪ್ರಶ್ನೆಯನ್ನು ಇಂದು ಹೊಸದೆಂಬಂತೆ ಕೇಳುತ್ತಾರೆ. ಈ ಮೂರು ತಾಲೂಕುಗಳ ಮಟ್ಟಿಗೆ ಅದರ ಉತ್ತರ ಬಹುಪಾಲು ಹಳೆಯ ಕರಪತ್ರಗಳಲ್ಲೂ ಗೋಡೆಯ ಕ್ಯಾಲೆಂಡರುಗಳಲ್ಲೂ ಇದೆ. ಕಾಗದದ ಕೆಲಸವನ್ನು ಪರದೆ ವಹಿಸಿಕೊಂಡಾಗ ಆ ಕಾಗದದ ವ್ಯಾಕರಣವನ್ನು ಕೈಬಿಟ್ಟಿತು ಎಂಬುದು ನನ್ನ ವಾದ.

ವಾದಕ್ಕೆ ಆಧಾರ ಬೇಕೆಂದರೆ 2024ರ ಏಪ್ರಿಲ್ ತಿಂಗಳನ್ನು ತೆರೆದು ನೋಡಬಹುದು. 9ರಂದು ಚಾಂದ್ರಮಾನ ಯುಗಾದಿ; ರಾಜ್ಯದ ಬಹುಭಾಗಕ್ಕೆ ಹೊಸ ವರ್ಷ, ಪುತ್ತೂರು ಪೇಟೆಯ ಗೌಡ ಸಾರಸ್ವತರಿಗೂ ಹೊಸ ವರ್ಷ. 10ರಂದು ಪುತ್ತೂರು ಮಹಾಲಿಂಗೇಶ್ವರ ದೇವಸ್ಥಾನದಲ್ಲಿ ಜಾತ್ರೆಯ ಕೊಡಿ (ಧ್ವಜ) ಏರುವ ದಿನ. ಅದೇ 10ರಂದು ಕರಾವಳಿಯ ಮುಸ್ಲಿಮರಿಗೆ ಈದುಲ್ ಫಿತ್ರ್. ಇಲ್ಲಿ ಚಂದ್ರದರ್ಶನದ ತೀರ್ಮಾನ ಕೇರಳದ ಜೊತೆ ಹೋಗುವುದರಿಂದ ಬೆಂಗಳೂರಿನವರು ಮರುದಿನ, ಅಂದರೆ 11ರಂದು, ಹಬ್ಬ ಮಾಡಿದರು. 14ರಂದು ತುಳುನಾಡಿನ ಬಿಸು, ಸೌರಮಾನದ ಯುಗಾದಿ, ಪಗ್ಗು ತಿಂಗಳ ಮೊದಲ ದಿನ. 17ರಂದು ರಾಮನವಮಿ, ಪುತ್ತೂರಿನ ಬ್ರಹ್ಮರಥೋತ್ಸವವೂ ಅಂದೇ. ಒಂಬತ್ತು ದಿನಗಳೊಳಗೆ ಎರಡು ಹೊಸ ವರ್ಷ, ಒಂದೇ ರಾಜ್ಯದಲ್ಲಿ ಎರಡು ಈದ್, ನಡುವೆ ಹತ್ತೂರಿನ ಜಾತ್ರೆ. ರಾಜಧಾನಿಯಲ್ಲಿ ಕುಳಿತು ‘ಕರ್ನಾಟಕದ ಹಬ್ಬಗಳು’ ಎಂಬ ಪಟ್ಟಿಯನ್ನು ಜಾಲತಾಣಕ್ಕೆ ತುಂಬುವವನು ಈ ಒಂಬತ್ತು ದಿನಗಳಲ್ಲಿ ಎರಡು ಕಡೆಯಾದರೂ ಎಡವುತ್ತಾನೆ. ಬಿಸುವಿಗೆ ಪ್ರತ್ಯೇಕ ಸರ್ಕಾರಿ ರಜೆ ಇಲ್ಲವೆಂದು ಇಲ್ಲಿ ಯಾರೂ ಹೆಚ್ಚು ಗೊಣಗುವುದಿಲ್ಲ, ಏಕೆಂದರೆ ಏಪ್ರಿಲ್ 14 ಹೇಗೂ ಅಂಬೇಡ್ಕರ್ ಜಯಂತಿಯ ರಜೆ. ಬಿಸು 15ಕ್ಕೆ ಬಿದ್ದ ವರ್ಷ ಮಾತ್ರ ಆ ಅನುಕೂಲ ತಪ್ಪುತ್ತದೆ.

ಈ ಹಬ್ಬಗಳ ಹಿಂದಿರುವ ಲೆಕ್ಕಗಳು ಒಂದಕ್ಕೊಂದು ಕೂಡಿಬರುವಂಥವಲ್ಲ. ತುಳುವರ ತಿಂಗಳು ಸಂಕ್ರಮಣದಿಂದ ಸಂಕ್ರಮಣಕ್ಕೆ: ಪಗ್ಗು, ಬೇಸ, ಕಾರ್ತೆಲ್, ಆಟಿ, ಸೋಣ ಎಂದು ಸುಗ್ಗಿಯವರೆಗೆ ಹನ್ನೆರಡು. ಇದರಲ್ಲಿ ತಿಥಿಯ ಹಂಗಿಲ್ಲ; ಬೇಸ ಹತ್ತು ಎಂದರೆ ಬೇಸ ತಿಂಗಳು ಹುಟ್ಟಿದ ಹತ್ತನೇ ದಿನ. ಅದೇ ಪತ್ತನಾಜೆ. ಈಗಿನ ಲೆಕ್ಕದಲ್ಲಿ ಮೇ 24ರ ಆಸುಪಾಸು ಬರುತ್ತದೆ. ಅಂದಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು ನಿಲ್ಲುತ್ತವೆ, ದೇವಸ್ಥಾನಗಳ ಉತ್ಸವಗಳಿಗೆ ತೆರೆ ಬೀಳುತ್ತದೆ, ಗದ್ದೆ ಇದ್ದವರು ಆಕಾಶ ನೋಡತೊಡಗುತ್ತಾರೆ. ಕುಕ್ಕೆ ಸುಬ್ರಹ್ಮಣ್ಯದ ದಾರಿ ಬೇರೆ. ಅಲ್ಲಿನ ಚಂಪಾಷಷ್ಠಿ ಮಾರ್ಗಶಿರ ಶುದ್ಧ ಷಷ್ಠಿಗೆ, ಪೂರ್ತಿ ಚಾಂದ್ರಮಾನ. ಆದ್ದರಿಂದಲೇ 2023ರಲ್ಲಿ ಡಿಸೆಂಬರ್ 18ಕ್ಕೆ, 2024ರಲ್ಲಿ ಡಿಸೆಂಬರ್ 7ಕ್ಕೆ, 2025ರಲ್ಲಿ ನವೆಂಬರ್ 26ಕ್ಕೆ ಬಂತು. ಆಟಿ ಅಮಾವಾಸ್ಯೆಯಂತೂ ಎರಡು ದೋಣಿಗಳ ಮೇಲೂ ಕಾಲಿಟ್ಟ ಹಬ್ಬ: ತಿಂಗಳು ಸೌರ, ದಿನ ಚಾಂದ್ರ. ಬೆಳಗಿನ ಜಾವ ಹಾಲೆ ಮರದ ತೊಗಟೆ ತಂದು ಕಷಾಯ ಕಾಯಿಸುವ ಮನೆಯವರು ಎರಡು ಲೆಕ್ಕಗಳನ್ನೂ ಒಟ್ಟಿಗೆ ನೋಡಿಯೇ ದಿನ ಗೊತ್ತುಮಾಡಬೇಕು. ಸುಳ್ಯ ಸೀಮೆಯ ಅರೆಭಾಷೆ ಗೌಡರಿಗೆ ಇದೆಲ್ಲದರ ಮೇಲೆ ಅಕ್ಟೋಬರ್ ನಡುವಿನ ತುಲಾ ಸಂಕ್ರಮಣ, ಅಂದರೆ ಕಾವೇರಿ ಸಂಕ್ರಮಣವೂ ದೊಡ್ಡ ದಿನ. ಪುತ್ತೂರು ಮತ್ತು ಅಮರ ಸುಳ್ಯದ ಮಾಗಣೆಗಳು ಕೊಡಗಿನ ಅರಸರ ಕೈಯಲ್ಲಿದ್ದು 1834ರಲ್ಲಿ ಕಂಪೆನಿ ಸರ್ಕಾರ ಕೊಡಗನ್ನು ನುಂಗಿದ ಮೇಲೆ ದಕ್ಷಿಣ ಕನ್ನಡಕ್ಕೆ ಸೇರಿದವು. ಕಾಗದದ ಮೇಲೆ ಗಡಿ ಬದಲಾಯಿತು. ತಲಕಾವೇರಿಯ ಕಡೆಗಿನ ನೋಟ ಬದಲಾಗಲಿಲ್ಲ.

ಇಲ್ಲಿ ಲೆಕ್ಕ ಬಲ್ಲವರು ಕೇಳಬಹುದು: ಸೌರಮಾನವಾದರೆ ತೊಂದರೆ ಏನು, ಪತ್ತನಾಜೆಯನ್ನು ಮೇ 24 ಎಂದು ಒಮ್ಮೆ ಬರೆದಿಟ್ಟರೆ ಆಯಿತಲ್ಲ? ಹಾಗೆ ಬರೆದಿಡುವುದೇ ತಪ್ಪಿನ ಬುಡ. ನಮ್ಮ ಸಂಕ್ರಮಣ ನಕ್ಷತ್ರಗಳ ಹಿನ್ನೆಲೆಯಲ್ಲಿ ಸೂರ್ಯನನ್ನು ಎಣಿಸುತ್ತದೆ, ಇಂಗ್ಲಿಷ್ ಕ್ಯಾಲೆಂಡರು ಋತುಗಳನ್ನು ಎಣಿಸುತ್ತದೆ. ಈ ಎರಡು ಬಗೆಯ ವರ್ಷಗಳ ಉದ್ದದಲ್ಲಿ ಸುಮಾರು ಇಪ್ಪತ್ತು ನಿಮಿಷದ ಅಂತರವಿದೆ. ಸುಮಾರು ಅರವತ್ತು ಎಪ್ಪತ್ತು ವರ್ಷಕ್ಕೆ ಅದು ಒಂದು ದಿನವಾಗಿ ಬೆಳೆಯುತ್ತದೆ. ಇಂದು ಏಪ್ರಿಲ್ 14ರ ಹೊತ್ತಿಗೆ ಬರುವ ಮೇಷ ಸಂಕ್ರಮಣ ಹತ್ತೊಂಬತ್ತನೇ ಶತಮಾನದ ನಡುವೆ ಎರಡು ಮೂರು ದಿನ ಮೊದಲೇ ಬರುತ್ತಿತ್ತು. ಒಬ್ಬ ಮನುಷ್ಯನ ಆಯುಸ್ಸಿನಲ್ಲಿ ಈ ಜಾರುವಿಕೆ ಕಣ್ಣಿಗೆ ಬೀಳದು. ಆದರೆ ಹಳೆಯ ಪತ್ರಿಕೆ, ಕೋರ್ಟಿನ ಕಾಗದ, ದೇವಸ್ಥಾನದ ಲೆಕ್ಕಪುಸ್ತಕಗಳನ್ನು ಅಂತರ್ಜಾಲದ ಭಂಡಾರಕ್ಕೆ ಏರಿಸುವವರಿಗೆ ಬೀಳಲೇಬೇಕು: 1840ರ ದಶಕದ ಕಾಗದದಲ್ಲಿ ‘ಪಗ್ಗು ಹತ್ತು’ ಎಂದಿದ್ದರೆ ಅದನ್ನು ಇಂದಿನ ಕೋಷ್ಟಕ ನೋಡಿ ತಾರೀಕಿಗೆ ಇಳಿಸುವಂತಿಲ್ಲ. ಮೂಲದಲ್ಲಿ ಇದ್ದುದನ್ನು ಇದ್ದಂತೆ ಉಳಿಸಿ, ಪಕ್ಕದಲ್ಲಿ ಇಂಗ್ಲಿಷ್ ತಾರೀಕು ಬರೆಯುವುದೇ ಸರಿಯಾದ ಕ್ರಮ. ‘ಅಸ್ತಮಿಸಿದ’ ಎಂಬ ಒಂದು ಪದದಲ್ಲಿ ಮಸೀದಿಯ ಕರಪತ್ರ ಮಾಡುವುದೂ ಇದನ್ನೇ. ಗುರುವಾರವೂ ಉಳಿಯುತ್ತದೆ, ಶುಕ್ರವಾರವೂ ಉಳಿಯುತ್ತದೆ.

ಅಚ್ಚಿನ ಮೂಲಕ ಎಲ್ಲರಿಗೂ ಸಲ್ಲುವಂತೆ ಬರೆಯುವ ಅಭ್ಯಾಸ ಈ ಜಿಲ್ಲೆಗೆ ಬಂದದ್ದು ಮತಪ್ರಚಾರದ ಬೆನ್ನಿಗೆ. ಬಾಸೆಲ್ ಮಿಶನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದರು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದಾಗ ಕನ್ನಡಕ್ಕೆ ಮೊದಲ ಪತ್ರಿಕೆ ಸಿಕ್ಕಿತು. ಮಿಶನ್ನಿನವರು ತೆಗೆದುಕೊಂಡ ಒಂದು ತೀರ್ಮಾನ ಮಾತ್ರ ಪತ್ರಿಕೆಗಿಂತಲೂ ದೂರ ಸಾಗಿತು. ತುಳುವರಿಗೆ ಸುವಾರ್ತೆಯನ್ನು ತುಳುವಿನಲ್ಲೇ ಕೊಡಬೇಕು, ಸರಿ, ಯಾವ ಲಿಪಿಯಲ್ಲಿ? ತಿಗಳಾರಿ ಲಿಪಿ ಇತ್ತು, ಆದರೆ ಅದರ ಬಳಕೆ ಹೆಚ್ಚಾಗಿ ಬ್ರಾಹ್ಮಣ ಮನೆಗಳ, ಮಠಗಳ ತಾಳೆಗರಿಗಳಲ್ಲಿ, ಅದೂ ಬಹುಮಟ್ಟಿಗೆ ಸಂಸ್ಕೃತ ಗ್ರಂಥಗಳಿಗೆ. ಮಿಶನ್ನಿನವರು ಕನ್ನಡ ಲಿಪಿ ಹಿಡಿದರು. 1847ರ ಹೊತ್ತಿಗೆ ತುಳು ಹೊಸ ಒಡಂಬಡಿಕೆ ಕನ್ನಡ ಅಕ್ಷರಗಳಲ್ಲಿ ಸಿದ್ಧವಾಗಿತ್ತು. 1872ರಲ್ಲಿ ಬ್ರಿಗೆಲ್ ತುಳು ವ್ಯಾಕರಣ, 1886ರಲ್ಲಿ ಮ್ಯಾನರ್ ತುಳು ನಿಘಂಟು ಅದೇ ಹಾದಿಯಲ್ಲಿ ಬಂದವು. ಒಂದು ಧರ್ಮದ ಅಗತ್ಯಕ್ಕಾಗಿ ಮಾಡಿದ ವಿನ್ಯಾಸದ ಆಯ್ಕೆ ಹೀಗೆ ಎಲ್ಲ ತುಳುವರ ಬರವಣಿಗೆಯ ಲಿಪಿಯಾಗಿ ನೆಲೆನಿಂತಿತು. 2016ರ ಆಗಸ್ಟಿನಲ್ಲಿ ತುಳು ವಿಕಿಪೀಡಿಯ ಸ್ವತಂತ್ರ ತಾಣವಾದಾಗ ಅದೂ ಕನ್ನಡ ಲಿಪಿಯಲ್ಲೇ. 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡ್ 16ನೇ ಆವೃತ್ತಿ ತುಳು-ತಿಗಳಾರಿ ಲಿಪಿಗೆ ಜಾಗ ಕೊಟ್ಟ ಮೇಲೆ, ಹಳೆಯ ಲಿಪಿಯನ್ನು ಮರಳಿ ತರಬೇಕು ಎನ್ನುವವರಿಗೆ ಈಗ ತಾಂತ್ರಿಕ ಅಡ್ಡಿ ಕಡಿಮೆಯಾಗಿದೆ. ಆದರೆ ಪತ್ತನಾಜೆ ಯಾವಾಗ ಎಂದು ಫೋನಿನಲ್ಲಿ ಹುಡುಕುವ ಕೃಷಿಕನಿಗೆ ಆ ಲಿಪಿಯಲ್ಲಿ ಉತ್ತರ ಕೊಟ್ಟರೆ ಅವನು ಓದಲಾರ. ಲಿಪಿಯ ಗೌರವ ಒಂದು ಮಾತು, ಓದುಗನ ಅನುಕೂಲ ಇನ್ನೊಂದು ಮಾತು. ಹಸ್ತಪ್ರತಿಗಳ ಭಂಡಾರಕ್ಕೆ ತಿಗಳಾರಿ ಬೇಕೇ ಬೇಕು, ಸೇವಾ ಪಟ್ಟಿಗೆ ಬೇಡ.

ಗೋಡೆಯ ಕ್ಯಾಲೆಂಡರು ಈ ಅಚ್ಚಿನ ಪರಂಪರೆಯ ಮೊಮ್ಮಗು. ಪಂಚಾಂಗ ಓದಲು ಪುರೋಹಿತರು ಬೇಕಿತ್ತು; ಕ್ಯಾಲೆಂಡರನ್ನು ಯಾರೂ ಓದಬಹುದು. ಒಂದು ಚೌಕದಲ್ಲಿ ದಪ್ಪಗೆ ಇಂಗ್ಲಿಷ್ ತಾರೀಕು, ಮೂಲೆಯಲ್ಲಿ ತುಳು ತಿಂಗಳ ದಿನ, ಕೆಳಗೆ ತಿಥಿ, ನಕ್ಷತ್ರ, ಇನ್ನೊಂದು ಮೂಲೆಯಲ್ಲಿ ಹಿಜರಿ ತಿಂಗಳ ದಿನ, ಸಂತರ ಹಬ್ಬವಿದ್ದರೆ ಅದು. ಬೆರಳೆರಡರ ಅಗಲದ ಚೌಕದಲ್ಲಿ ನಾಲ್ಕು ಲೆಕ್ಕಗಳು ಜಗಳವಿಲ್ಲದೆ ಕುಳಿತಿರುತ್ತವೆ. ಇದನ್ನು ಸೌಹಾರ್ದದ ಸಂಕೇತವೆಂದು ಹಾಡಿ ಹೊಗಳುವ ಅಗತ್ಯವಿಲ್ಲ. ವ್ಯಾಪಾರದ ಅಗತ್ಯವೇ ಇದನ್ನು ಹೀಗೆ ಮಾಡಿತು. ಅಡಿಕೆ ಅಂಗಡಿ, ಬಟ್ಟೆ ಅಂಗಡಿ, ಚಿನ್ನದಂಗಡಿಯವರು ಹಂಚುವ ಕ್ಯಾಲೆಂಡರು ಎಲ್ಲ ಮನೆಗೂ ಹೋಗಬೇಕು. ಅದಕ್ಕಿಂತ ಮುಖ್ಯವಾಗಿ ಅಂಗಡಿಯವನಿಗೆ ತನ್ನ ಹಬ್ಬಕ್ಕಿಂತ ಗಿರಾಕಿಯ ಹಬ್ಬ ಹೆಚ್ಚು ತಿಳಿದಿರಬೇಕು. ಕೋಳಿ ಮಾರುವವನಿಗೆ ತಂಬಿಲ, ಕೋಲಗಳ ಕಾಲ ಗೊತ್ತಿರಬೇಕು, ಮೀನಿನವನಿಗೆ ಸೋಣ ಗೊತ್ತಿರಬೇಕು, ಜಾತ್ರೆಯಲ್ಲಿ ಆಟಿಕೆಯ ಅಂಗಡಿ ಹಾಕುವವನಿಗೆ ಕೊಡಿ ಏರುವುದು, ಕೊಡಿ ಇಳಿಯುವುದು ಎರಡೂ ಗೊತ್ತಿರಬೇಕು, ಹೂವಿನವನಿಗೆ ಇವೆಲ್ಲದರ ಜೊತೆಗೆ ಸೆಪ್ಟೆಂಬರ್ 8ರ ಕ್ಯಾಥೊಲಿಕರ ಮೊಂತಿ ಫೆಸ್ತ್ ಕೂಡ. ಹೀಗೆ ಪರರ ಪಂಚಾಂಗ ತಿಳಿಯುವುದು ಹೊಟ್ಟೆಪಾಡಿನ ವಿದ್ಯೆ. ಕ್ಯಾಲೆಂಡರು ಓದುಗನನ್ನು ‘ನೀನು ಯಾರು’ ಎಂದು ಕೇಳದೆ ಎಲ್ಲವನ್ನೂ ಎಲ್ಲರ ಎದುರಿಗೆ ಇಟ್ಟುಬಿಡುತ್ತದೆ. ಈ ಗುಣವನ್ನು ಮರೆಯಬಾರದು. ಮುಂದೆ ಒಂದು ಆಕ್ಷೇಪಕ್ಕೆ ಉತ್ತರ ಹೇಳುವಾಗ ಬೇಕಾಗುತ್ತದೆ.

ಸರ್ಕಾರಕ್ಕೆ ಈ ಬಹುತ್ವ ತಲೆನೋವಾಗಿ ಕಂಡದ್ದೂ ಉಂಟು. 1952ರಲ್ಲಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿ ನೇಮಕವಾಯಿತು; ದೇಶದ ಹತ್ತಾರು ಪಂಚಾಂಗಗಳನ್ನು ತೂಗಿ ನೋಡಿ ಸಮಿತಿ ಒಂದು ಏಕರೂಪದ ಸೌರ ಕ್ಯಾಲೆಂಡರು ಹೊಸೆದುಕೊಟ್ಟಿತು. 1957ರ ಮಾರ್ಚ್ 22ರಿಂದ ಅದು ರಾಷ್ಟ್ರೀಯ ಶಕ ಪಂಚಾಂಗ. ವಿಜ್ಞಾನದ ದೃಷ್ಟಿಯಿಂದ ಅಚ್ಚುಕಟ್ಟು, ಆಕಾಶವಾಣಿಯ ಪ್ರಕಟಣೆಯಲ್ಲಿ ಗಾಂಭೀರ್ಯವೂ ಇತ್ತು. ಆದರೆ ಸುಳ್ಯದಲ್ಲಿ ಮದುವೆಯ ದಿನ ಇಡುವಾಗ ಅದನ್ನು ನೋಡಿದವರು ಯಾರು? ಇದರಲ್ಲೊಂದು ವ್ಯಂಗ್ಯವಿದೆ. ಪ್ರಪಂಚದ ತಂತ್ರಾಂಶಗಳಿಗೆ ಆಯಾ ದೇಶದ ತಾರೀಕು, ತಿಂಗಳ ಹೆಸರುಗಳನ್ನು ಒದಗಿಸುವ ಯೂನಿಕೋಡಿನ ಭಂಡಾರದಲ್ಲಿ ‘ಭಾರತೀಯ’ ಎಂಬ ಹೆಸರಿನಲ್ಲಿ ಸೇರಿರುವುದು ಇದೇ ರಾಷ್ಟ್ರೀಯ ಪಂಚಾಂಗ. ಯಾರ ಮನೆಯಲ್ಲೂ ಬಳಕೆಯಿಲ್ಲದ ಲೆಕ್ಕ ತಂತ್ರಾಂಶಕ್ಕೆ ಗೊತ್ತು, ಮನೆಮನೆಯಲ್ಲಿ ಬಳಕೆಯಿರುವ ಪಗ್ಗು, ಬೇಸ ಗೊತ್ತಿಲ್ಲ. ಏಕರೂಪವೇ ಪರಿಹಾರ ಎಂದು ಹೊರಟವರಿಗೆ ಇದಕ್ಕಿಂತ ಬೇರೆ ಪಾಠ ಬೇಡ.

ಪರದೆಯ ಮೇಲೆ ಕನ್ನಡ ಮೂಡಿಸುವುದೇ ಮೊದಲ ಸಾಹಸವಾಗಿದ್ದ ಕಾಲ ಒಂದಿತ್ತು, ಅದರಲ್ಲಿ ಕರಾವಳಿಯವರ ಪಾಲು ದೊಡ್ಡದು. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಉಚ್ಚಾರಣೆಗೆ ತಕ್ಕಂತೆ ರೂಪಿಸಿದ ಕೀಲಿಮಣೆಯ ವಿನ್ಯಾಸದಲ್ಲೇ ಇಂದಿಗೂ ಲಕ್ಷಾಂತರ ಕನ್ನಡಿಗರು ಬೆರಳಾಡಿಸುತ್ತಿದ್ದಾರೆ. 1996ರಲ್ಲಿ ಯು.ಬಿ. ಪವನಜ ಅವರ ‘ವಿಶ್ವಕನ್ನಡ’ ಅಂತರ್ಜಾಲಕ್ಕೆ ಕನ್ನಡ ಪತ್ರಿಕೆಯನ್ನು ತಂದಿತು. ಆ ತಲೆಮಾರಿಗೆ ಅಕ್ಷರ ಕಂಡರೆ ಸಾಕಾಗಿತ್ತು. ಆಮೇಲಿನ ತಲೆಮಾರು ಬೇರೆಡೆ ಸಿದ್ಧವಾದ ಅಚ್ಚುಗಳನ್ನು ತಂದು ಅವುಗಳಲ್ಲಿ ಕನ್ನಡ ಅಕ್ಷರ ತುಂಬಿತು. ದೇವಸ್ಥಾನದ ತಾಣವಾದರೆ ಮೇಲೊಂದು ದೀಪ, ಬದಿಯಲ್ಲೊಂದು ಗಂಟೆ, ಕೇಸರಿ ಬಣ್ಣ, ತೆರೆದ ಕೂಡಲೇ ಒಂದು ಶ್ಲೋಕ. ಜಮಾತಿನ ತಾಣವಾದರೆ ಹಸಿರು ಬಣ್ಣ, ಗುಮ್ಮಟದ ರೇಖಾಚಿತ್ರ. ಧಾರ್ಮಿಕ ಅಗತ್ಯ ಎಂದರೆ ಅಲಂಕಾರ ಎಂಬ ತಿಳಿವಳಿಕೆ ಇದರ ಹಿಂದಿದೆ. ಕರಪತ್ರ ಬರೆಯುತ್ತಿದ್ದವನಿಗೆ ಅಲಂಕಾರ ಕೊನೆಯ ಚಿಂತೆ. ಗೊನೆ ಮುಹೂರ್ತ ಯಾವಾಗ, ಭಂಡಾರ ಎಷ್ಟು ಹೊತ್ತಿಗೆ ಇಳಿಯುತ್ತದೆ, ಅನ್ನಸಂತರ್ಪಣೆ ಮಧ್ಯಾಹ್ನವೋ ರಾತ್ರಿಯೋ, ದೈವಕ್ಕೆ ಹರಕೆ ಒಪ್ಪಿಸುವವರು ಯಾರಿಗೆ ಮುಂಚಿತವಾಗಿ ತಿಳಿಸಬೇಕು — ಇವು ತಪ್ಪಿದರೆ ಊರೇ ಅವನನ್ನು ಕೇಳುತ್ತಿತ್ತು.

ಕುಕ್ಕೆಯ ಸೇವೆಗಳನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಸರ್ಪಸಂಸ್ಕಾರ ಎರಡು ದಿನದ ಕ್ರಿಯೆ. ಮಾಡಿಸುವವರು ಅಲ್ಲೇ ಉಳಿಯಬೇಕು, ಊಟ ಉಪಚಾರದಲ್ಲಿ ನಿಯಮವಿದೆ, ಚಂಪಾಷಷ್ಠಿ ಜಾತ್ರೆಗೆ ಕೊಪ್ಪರಿಗೆ ಏರಿದರೆ ಅದು ಇಳಿಯುವವರೆಗೆ ಆ ಸೇವೆ ನಡೆಯುವುದಿಲ್ಲ. ಒಂದು ದಿನ, ಒಂದು ಹೊತ್ತು, ಒಂದು ಟಿಕೇಟು ಎಂದು ಸಿನಿಮಾ ಮಂದಿರಕ್ಕಾಗಿ ಹೊಲಿದ ಜಾಲತಾಣದ ಅಂಗಿ ಇದಕ್ಕೆ ಹೊಂದುವುದು ಹೇಗೆ? ಸೂತಕ, ವೃದ್ಧಿ ಬಂದರೆ ಹೊರಟವರು ನಿಲ್ಲಬೇಕಾಗುತ್ತದೆ. ಅಂಥವರಿಗೆ ಹಣ ಮರಳಿಸುವುದಕ್ಕಿಂತ ಬೇರೊಂದು ದಿನ ಕೊಡುವುದು ಮುಖ್ಯ. ಕಚೇರಿಯ ಕಿಟಕಿಯಲ್ಲಿ ಕುಳಿತ ಗುಮಾಸ್ತರಿಗೆ ಇದನ್ನೆಲ್ಲ ಯಾರೂ ವಿವರಿಸಬೇಕಾಗಿರಲಿಲ್ಲ. ಹೆಸರು, ನಕ್ಷತ್ರ, ರಾಶಿ, ಗೋತ್ರ ಎಂದು ಅವರು ಕೇಳುತ್ತಿದ್ದ ರೀತಿಯಲ್ಲೂ ಒಂದು ಜಾಣ್ಮೆಯಿತ್ತು. ಗೋತ್ರ ಗೊತ್ತಿಲ್ಲದವರಿಗೆ ‘ಕಾಶ್ಯಪ’ ಎಂದು ಹೇಳಿ ಸಂಕಲ್ಪ ಮಾಡಿಸುವ ಸಂಪ್ರದಾಯ ಪುರೋಹಿತರಲ್ಲಿ ಹಿಂದಿನಿಂದ ಇದೆ. ತುಳುನಾಡಿನ ಬಹಳಷ್ಟು ಸಮುದಾಯಗಳಿಗೆ ಮುಖ್ಯವಾದದ್ದು ಗೋತ್ರವಲ್ಲ, ತಾಯಿಯ ಕಡೆಯಿಂದ ಬರುವ ‘ಬಳಿ’. ಅಳಿಯಸಂತಾನದ ಕಟ್ಟು ಕಾನೂನಿನಲ್ಲಿ ಸಡಿಲವಾದ ಮೇಲೂ ಮದುವೆಯ ಮಾತಿಗೆ ಬಳಿ ಬೇಕು. ಗೋತ್ರದ ಖಾನೆಗೆ ಕೆಂಪು ನಕ್ಷತ್ರ ಅಂಟಿಸಿ, ತುಂಬದೆ ಮುಂದೆ ಹೋಗಗೊಡದ ನಮೂನೆ ಆ ಹಳೆಯ ಸಡಿಲಿಕೆಯನ್ನು ಕಿತ್ತುಕೊಂಡುಬಿಡುತ್ತದೆ. ಸಂಪ್ರದಾಯ ಬಿಗಿ, ಯಂತ್ರ ಉದಾರ ಎಂದು ನಂಬಿದವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಹೆಸರಿನ ಖಾನೆಯದೂ ಇದೇ ಕತೆ. 1837ರ ಅಮರ ಸುಳ್ಯ ದಂಗೆಯ ಕೆದಂಬಾಡಿ ರಾಮಯ್ಯ ಗೌಡರಾಗಲಿ, ಸುಳ್ಯದಲ್ಲಿ ವಿದ್ಯಾಸಂಸ್ಥೆಗಳನ್ನು ಕಟ್ಟಿದ ಕುರುಂಜಿ ವೆಂಕಟ್ರಮಣ ಗೌಡರಾಗಲಿ, ಮನೆತನದ ಹೆಸರು ಮೊದಲು, ತನ್ನ ಹೆಸರು ಆಮೇಲೆ, ಸಮುದಾಯದ ಹೆಸರು ಕೊನೆಗೆ. ಮೊದಲ ಹೆಸರು, ಕೊನೆಯ ಹೆಸರು ಎಂಬ ಎರಡು ಪೆಟ್ಟಿಗೆಗಳಲ್ಲಿ ಇವರನ್ನು ಕೂರಿಸಿದರೆ ಕೆದಂಬಾಡಿಯೇ ಅವರ ಹೆಸರಾಗುತ್ತದೆ.

ಪದಗಳ ಆಯ್ಕೆಯಲ್ಲಿ ಆದ ಅನ್ಯಾಯ ಇನ್ನೂ ಹಳೆಯದು. ದಕ್ಷಿಣ ಕನ್ನಡದಲ್ಲಿ ನ್ಯಾಯಾಧೀಶನಾಗಿದ್ದ ಎ.ಸಿ. ಬರ್ನೆಲ್ ಭೂತಾರಾಧನೆಯ ಪಾಡ್ದನ ಹಾಡುಗಳನ್ನೂ ವಿವರಗಳನ್ನೂ ಶ್ರದ್ಧೆಯಿಂದ ಸಂಗ್ರಹಿಸಿದ. ಅವನು 1882ರಲ್ಲಿ ತೀರಿಕೊಂಡ ಮೇಲೆ, 1894ರಿಂದ ಅವು ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಅಚ್ಚಾದವು. ಶೀರ್ಷಿಕೆ ‘ತುಳುವರ ಪಿಶಾಚ ಪೂಜೆ’ ಎಂಬ ಅರ್ಥದ್ದು. ಸಂಗ್ರಹ ಅಮೂಲ್ಯ, ಹಣೆಪಟ್ಟಿ ಕೆಟ್ಟದ್ದು. ಗ್ರಂಥಾಲಯದ ಸೂಚಿಯಲ್ಲಿ ಮಲಗಿದ್ದ ಆ ಹಣೆಪಟ್ಟಿಗೆ ಅಂತರ್ಜಾಲ ಮರುಜೀವ ಕೊಟ್ಟಿತು. ಸ್ಕ್ಯಾನ್ ಮಾಡಿದ ಪುಟದ ಜೊತೆ ಹಳೆಯ ವಿಷಯಸೂಚಿಯೂ ಏರಿತು. ಪಡುಮಲೆಯ ಕೋಟಿ ಚೆನ್ನಯರ ಬಗ್ಗೆ, ಪುತ್ತೂರಿನ ಈಶಾನ್ಯಕ್ಕೋ ದಕ್ಷಿಣಕ್ಕೋ ಇರುವ ಯಾವುದೋ ಗರಡಿಯ ಬಗ್ಗೆ ಇಂಗ್ಲಿಷಿನಲ್ಲಿ ಹುಡುಕುವ ಹುಡುಗಿಗೆ ತನ್ನ ಮನೆಯ ದೈವ ಪಿಶಾಚಿಯಾಗಿ ಎದುರಾಗುತ್ತದೆ. ಹಳೆಯ ಶೀರ್ಷಿಕೆಯನ್ನು ತಿದ್ದುವುದು ಇತಿಹಾಸಕ್ಕೆ ಮೋಸ. ಅದನ್ನೇ ವರ್ಗೀಕರಣದ ಪದವಾಗಿ ಬಳಸುವುದು ಜನರಿಗೆ ಅವಮಾನ. ದೇವರು ಬೇರೆ, ದೈವ ಬೇರೆ, ನಾಗ ಬೇರೆ. ಒಂದರ ಆರಾಧನೆಯ ಮಾತು ಇನ್ನೊಂದಕ್ಕೆ ಸಲ್ಲದು. ಈ ಮೂರು ಪದಗಳನ್ನು ಇದ್ದ ಹಾಗೆ ಉಳಿಸಿಕೊಂಡರೆ ಅರ್ಧ ಕೆಲಸ ಆದಂತೆ. ತೋರಿಸಬಾರದ್ದನ್ನು ತೋರಿಸದಿರುವುದು ಇನ್ನರ್ಧ. ಗರ್ಭಗುಡಿಯ ಚಿತ್ರ ತೆಗೆಯಬಾರದು ಎಂಬ ಫಲಕ ಹಳೆಯದು. ‘ಕಾಂತಾರ’ ಚಿತ್ರ 2022ರಲ್ಲಿ ಬಂದ ಮೇಲೆ ದೈವದ ಆವೇಶವನ್ನು ಅನುಕರಿಸುವ ರೀಲ್ಸುಗಳಿಗೆ ದೈವನರ್ತಕರಿಂದಲೇ ವಿರೋಧ ಕೇಳಿಬಂತು. ಕೋಲಕ್ಕೆ ಎಲ್ಲರಿಗೂ ಕರೆಯಿದೆ, ಅಂಗಳದಲ್ಲಿ ನಿಂತು ಯಾರೂ ನೋಡಬಹುದು. ಹಾಗೆಂದು ಅಲ್ಲಿ ನಡೆದದ್ದನ್ನೆಲ್ಲ ಕತ್ತರಿಸಿ ಎಲ್ಲಿ ಬೇಕಾದರೂ ಆಡಿಸಲು ಆ ಕರೆ ಒಪ್ಪಿಗೆಯಲ್ಲ.

ಊರಿನ ಹೆಸರುಗಳ ವಿಷಯ ಚಿಕ್ಕದು, ಆದರೂ ಹೇಳಬೇಕು. ಒಂದೇ ಹೆಸರಿನ ಎರಡು ಊರುಗಳ ಸಮಸ್ಯೆಯನ್ನು ರೈಲಿನವರು ಒಂದು ಪದದಲ್ಲಿ ಮುಗಿಸಿದ್ದಾರೆ: ಆಂಧ್ರದಲ್ಲೂ ಒಂದು ಪುತ್ತೂರು ನಿಲ್ದಾಣವಿದೆ, ನಮ್ಮದರ ಹಲಗೆಯಲ್ಲಿ ‘ಕಬಕ ಪುತ್ತೂರು’. ಕಂದಾಯದ ಹಳೆಯ ಕಾಗದದಲ್ಲಿ ಈ ಸೀಮೆ ಉಪ್ಪಿನಂಗಡಿ ತಾಲೂಕು. ಸುಬ್ರಹ್ಮಣ್ಯ ಕೆಲವು ವರ್ಷಗಳ ಹಿಂದಿನವರೆಗೆ ಸುಳ್ಯ ತಾಲೂಕಿನಲ್ಲಿತ್ತು, ಕಡಬ ತಾಲೂಕಾದ ಮೇಲೆ ಅದರ ಪಾಲಾಯಿತು. ಹರಕೆ ಹೊತ್ತು ಬರುವವನಿಗೆ ತಾಲೂಕು ಬೇಕಿಲ್ಲ, ಕುಕ್ಕೆ ಸಾಕು.

ಈಗ ಆಕ್ಷೇಪಗಳು. ಮೊದಲನೆಯದು ಗಟ್ಟಿಯಾದದ್ದು: ಸಾರ್ವಜನಿಕ ತಾಣಗಳಿಗೆ ಧರ್ಮದ ಗೊಡವೆ ಏಕೆ? ಮತೀಯ ಬಿಸಿ ಆಗಾಗ ಏರುವ ಜಿಲ್ಲೆಯಲ್ಲಿ ‘ನಿಮ್ಮ ಧರ್ಮ ಯಾವುದು’ ಎಂದು ಕೇಳಿ ಅದಕ್ಕೆ ತಕ್ಕ ಪ್ರಪಂಚ ತೋರಿಸಿದರೆ ಜನ ಇನ್ನಷ್ಟು ದೂರವಾಗುವುದಿಲ್ಲವೇ, ಆ ಪಟ್ಟಿ ತಪ್ಪು ಕೈಗೆ ಸಿಕ್ಕರೆ ಏನಾದೀತು? ಈ ಭಯ ನ್ಯಾಯವಾದದ್ದು, ಇದನ್ನು ತಳ್ಳಿಹಾಕುವ ವಾದ ನನ್ನಲ್ಲಿಲ್ಲ. ಆದರೆ ಇದು ಹೊಡೆಯುವುದು ಓದುಗನನ್ನು ವಿಂಗಡಿಸುವ ವಿನ್ಯಾಸಕ್ಕೆ. ಗೋಡೆಯ ಕ್ಯಾಲೆಂಡರು ಯಾರನ್ನೂ ವಿಂಗಡಿಸಲಿಲ್ಲ, ಯಾರ ವಿವರವನ್ನೂ ಬರೆದಿಟ್ಟುಕೊಳ್ಳಲಿಲ್ಲ, ಆದರೂ ಬ್ಯಾರಿಗೂ ಬಿಲ್ಲವನಿಗೂ ರೋಮನ್ ಕ್ಯಾಥೊಲಿಕನಿಗೂ ಕಡಬ ಸೀಮೆಗೆ ಬಂದು ನೆಲಸಿದ ಮಲಂಕರ ಕ್ರೈಸ್ತನಿಗೂ ಒದಗಿತು. ಇನ್ನು ಧರ್ಮದ ಸುದ್ದಿಯೇ ಬೇಡವೆಂದು ಎಲ್ಲವನ್ನೂ ಅಳಿಸಿದ ತಾಣ ನಿಷ್ಪಕ್ಷಪಾತಿಯಾಗುತ್ತದೆಯೇ? ಪರೀಕ್ಷೆಯ ದಿನವನ್ನೋ ಕಟ್ಟಡ ಪರವಾನಗಿಯ ಕೊನೆಯ ದಿನವನ್ನೋ ಇಡುವಾಗ ಅದು ಬೆಂಗಳೂರಿನ ರಜೆಯ ಪಟ್ಟಿಯನ್ನು ನೋಡಿಯೇ ಇಡುತ್ತದೆ. 2024ರ ಏಪ್ರಿಲ್ 10 ರಾಜಧಾನಿಗೆ ಉಪವಾಸದ ಕೊನೆಯ ದಿನ, ಪುತ್ತೂರಿನ ಮುಸ್ಲಿಮನಿಗೆ ಹಬ್ಬ. ಮೌನವಾಗಿರುವ ಪಟ್ಟಿಯೂ ಯಾವುದೋ ಒಂದು ಊರಿನದೇ ಆಗಿರುತ್ತದೆ.

ಎರಡನೆಯ ಆಕ್ಷೇಪ: ಈಗಿನವರಿಗೆ ಇದೆಲ್ಲ ಬೇಡ, ಇಂಗ್ಲಿಷ್ ತಾರೀಕು ಸಾಕು. ಭಾಗಶಃ ನಿಜ, ಮತ್ತು ಇದಕ್ಕೆ ಸಾಕ್ಷಿ ದೇವಸ್ಥಾನವೇ. ಪುತ್ತೂರು ಜಾತ್ರೆ ಪ್ರತಿ ವರ್ಷ ಏಪ್ರಿಲ್ 10ಕ್ಕೆ, ಬ್ರಹ್ಮರಥೋತ್ಸವ 17ಕ್ಕೆ. ಸಾವಿರಾರು ಮನೆಗಳಿಗೆ ಇದು ಬಾಯಿಪಾಠ, ಪಂಚಾಂಗ ಬಿಡಿಸುವ ಅಗತ್ಯವೇ ಇಲ್ಲ. ಮಹಾದೇವನ ಜಾತ್ರೆ ಪೋಪ್ ಗ್ರೆಗೊರಿಯ ಕ್ಯಾಲೆಂಡರಿನಲ್ಲಿ ಸುಖವಾಗಿ ನೆಲೆಸಿದೆ. ಅನುಕೂಲವಾದರೆ ಸಂಪ್ರದಾಯ ಹೊಸ ಲೆಕ್ಕವನ್ನು ತಡವಿಲ್ಲದೆ ಹಿಡಿಯುತ್ತದೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ. ಆದರೆ ಅದೇ ಊರು ಪತ್ತನಾಜೆಯನ್ನು ಬೇಸ ಹತ್ತರಲ್ಲೇ, ಚಂಪಾಷಷ್ಠಿಯನ್ನು ತಿಥಿಯಲ್ಲೇ ಉಳಿಸಿಕೊಂಡಿದೆ. ಯಾವುದನ್ನು ಬದಲಿಸಬೇಕು, ಯಾವುದನ್ನು ಬಿಡಬಾರದು ಎಂದು ಆರಿಸಿದವರು ಆಚರಿಸುವವರು. ಆ ಆಯ್ಕೆಯನ್ನು ತಾರೀಕಿನ ಒಂದೇ ಖಾನೆ ಇಟ್ಟ ತಂತ್ರಜ್ಞ ಅವರ ಪರವಾಗಿ ಮಾಡಿಬಿಡುವುದು ಸರಿಯಲ್ಲ. ಖರ್ಚಿನ ಮಾತು ಬಂದರೆ, ಸಂಕ್ರಮಣವನ್ನೂ ತಿಥಿಯನ್ನೂ ಲೆಕ್ಕ ಹಾಕುವ ಸೂತ್ರಗಳು ಸಾವಿರ ವರ್ಷಕ್ಕಿಂತ ಹಳೆಯವು. ಗಣಕಯಂತ್ರಕ್ಕೆ ಅದು ಕ್ಷಣದ ಕೆಲಸ.

ಕಷ್ಟವಾದದ್ದು ಲೆಕ್ಕಕ್ಕೆ ಸಿಗದ ದಿನ. ಹಿಜರಿ ತಿಂಗಳನ್ನು ಸೂತ್ರದಿಂದ ಹೊರಡಿಸುವ ತಂತ್ರಾಂಶಗಳಿವೆ, ಸೌದಿಯ ಕೋಷ್ಟಕವನ್ನು ಅನುಸರಿಸುವವೂ ಇವೆ. ದುಬೈಯಲ್ಲೋ ಜಿದ್ದಾದಲ್ಲೋ ದುಡಿಯುವ ಪುತ್ತೂರಿನ ಹುಡುಗ ಹಬ್ಬ ಮುಗಿಸಿ ಮನೆಗೆ ಫೋನು ಮಾಡುವಾಗ ಇಲ್ಲಿ ತಾಯಿ ಇನ್ನೂ ಉಪವಾಸದಲ್ಲಿರುವುದು ಸಾಮಾನ್ಯ. ಕರಾವಳಿಯ ಹಬ್ಬ ನಿಲ್ಲುವುದು ಕಣ್ಣಿಗೆ ಬಿದ್ದ ಚಂದ್ರನ ಮೇಲೆ, ಅದನ್ನು ಕಂಡವರ ಸಾಕ್ಷಿಯ ಮೇಲೆ, ಖಾಝಿಯವರ ಘೋಷಣೆಯ ಮೇಲೆ. ಅಚ್ಚಿನವರು ಇದಕ್ಕೂ ದಾರಿ ಕಂಡುಕೊಂಡಿದ್ದರು: ಚೌಕದಲ್ಲಿ ಹಬ್ಬದ ಹೆಸರು ಬರೆದು ಪಕ್ಕದಲ್ಲಿ ‘ಚಂದ್ರದರ್ಶನಕ್ಕೆ ಅನುಗುಣವಾಗಿ’ ಎಂದು ಸಣ್ಣ ಅಕ್ಷರದಲ್ಲಿ ಸೇರಿಸುವುದು. ತಾರೀಕು ಕೇಳುವ ಪರದೆಗಳಲ್ಲಿ ಹಾಗೆ ಬರೆಯಲು ಜಾಗವಿರುವುದಿಲ್ಲ. ಒಂದು ಸಂಖ್ಯೆ ಬೇಕೇ ಬೇಕು, ಇಲ್ಲದಿದ್ದರೆ ಮುಂದಿನ ಪುಟ ತೆರೆಯದು. ಇಪ್ಪತ್ತೊಂಬತ್ತನೇ ಉಪವಾಸದ ಸಂಜೆ ಮಗ್ರಿಬ್ ಬಾಂಗಿನ ನಂತರ ಸುಳ್ಯದ ಪೇಟೆಯಲ್ಲಿ ಬಟ್ಟೆ ಅಂಗಡಿಯವರು ಬಾಗಿಲು ಹಾಕದೆ, ಮಾಂಸದ ಅಂಗಡಿಯವರು ಆಳುಗಳನ್ನು ಮನೆಗೆ ಕಳಿಸದೆ ಕಾಯುತ್ತಿರುತ್ತಾರೆ, ಅಂದಿನ ರಾತ್ರಿ ಯಾವ ದಿನದ್ದೆಂದು ಇನ್ನೂ ಗೊತ್ತಾಗಿರುವುದಿಲ್ಲ.